ಮಿರ್ಕಾಳ ನಲವತ್ತೊಂದು ಬಾಗಿಲುಗಳು

ನಾನು ಗುಮಾಸ್ತೆಯಾಗಿರುವ ನೋಟರಿ ಕಚೇರಿಯಲ್ಲಿ ಮನೆ ಕೊಳ್ಳುವವರು ಸರದಿಗಾಗಿ ಕಾಯುತ್ತ ಕೂತಾಗ ಒಂದು ಪ್ರಶ್ನೆ ಆಗಾಗ ಬರುತ್ತದೆ. ಹಳೇ ಫ್ಲ್ಯಾಟನ್ನು ಅಗ್ಗಕ್ಕೆ ಕೊಂಡು, ರಿಪೇರಿ ಮಾಡಿಸಿ, ಒಳ್ಳೇ ಬೆಲೆಗೆ ಮಾರುವುದನ್ನು ಕಲಿಸುವ ಕೋಚಿಂಗ್ ಇದೆಯಲ್ಲ, ಅದಕ್ಕೆ ದುಡ್ಡು ಸುರಿದರೆ ಲಾಭವಿದೆಯೇ ಎಂದು ಕೇಳುತ್ತಾರೆ. ನೋಟರಿಯನ್ನು ಕೇಳಿದರೆ ಫೀಸು ಬೀಳುತ್ತದೆ, ಗುಮಾಸ್ತೆಯನ್ನು ಕೇಳಿದರೆ ಬೀಳುವುದಿಲ್ಲ. ನಾನು ಹೌದೆಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ. ನಮ್ಮ ಎದುರು ಮನೆಯ ಮಿರ್ಕಾಳ ಕತೆ ಶುರು ಮಾಡುತ್ತೇನೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರ ಸರದಿ ಬಂದಿರುತ್ತದೆ.

ಪೂರ್ತಿ ಹೆಸರು ಮಿರೊಸ್ಲಾವಾ ಗಾಯ್ದಾ. ವೂಚ್ ನಗರದ ಬವೂತಿ ಬಡಾವಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಅಂಚೆ ಹಂಚಿದವಳು. ಬವೂತಿಯ ಮುದುಕರಲ್ಲಿ ಬಹಳ ಮಂದಿಗೆ ಬ್ಯಾಂಕೆಂದರೆ ನಂಬಿಕೆಯಿಲ್ಲ. ಪಿಂಚಣಿ ನೋಟುಗಳಲ್ಲೇ ಬರಬೇಕು, ಅಂಚೆಯವರೇ ತರಬೇಕು, ಅಡುಗೆಮನೆಯ ಮೇಜಿನ ಮೇಲೆ ಎಣಿಸಿ ಇಡಬೇಕು. ಹಾಗಾಗಿ ತಿಂಗಳಿಗೊಮ್ಮೆ ಮಿರ್ಕಾ ಆ ಬೀದಿಗಳ ಪ್ರತಿಯೊಂದು ಅಡುಗೆಮನೆಯಲ್ಲೂ ಕೂತು ಏಳುತ್ತಿದ್ದಳು. ನಿಂಬೆಹಣ್ಣಿನ ಬಿಲ್ಲೆ ಹಾಕಿದ ಟೀ ಬರುತ್ತಿತ್ತು, ಅದರ ಜೊತೆಗೆ ಮನೆಯ ಸುದ್ದಿಯೂ ಬರುತ್ತಿತ್ತು. ಯಾರ ಮೊಣಕಾಲು ಊದಿದೆ, ಯಾರ ಮಗಳು ಜರ್ಮನಿಯಿಂದ ಫೋನು ಮಾಡುವುದನ್ನು ಬಿಟ್ಟಿದ್ದಾಳೆ, ಯಾರು ಸತ್ತ ಗಂಡನ ಕೋಟನ್ನು ಇನ್ನೂ ಬಾಗಿಲ ಹಿಂದಿನಿಂದ ತೆಗೆದಿಲ್ಲ, ಎಲ್ಲವೂ ಅವಳಿಗೆ ಗೊತ್ತಿತ್ತು. ಒಂದು ಅಡುಗೆಮನೆಯ ಮಾತನ್ನು ಇನ್ನೊಂದು ಅಡುಗೆಮನೆಗೆ ಒಯ್ದವಳಲ್ಲ. ಎದುರು ಮನೆಯಲ್ಲಿದ್ದೂ ನನಗೇ ಏನೂ ಹೇಳುತ್ತಿರಲಿಲ್ಲ. ಅದಕ್ಕೆ ನನಗೆ ಸ್ವಲ್ಪ ಹೊಟ್ಟೆಯುರಿಯೂ ಇತ್ತು.

ನಾವಿಬ್ಬರೂ ಇರುವುದು ನಗರಸಭೆಯ ಹಳೇ ಕಟ್ಟಡದಲ್ಲಿ. ಕಕ್ಕಸು ಮೆಟ್ಟಿಲ ತಿರುವಿನಲ್ಲಿದೆ, ನಾಲ್ಕು ಮನೆಗೆ ಒಂದು, ಬೀಗದ ಕೈ ಮೊಳೆಗೆ ನೇತಾಡುತ್ತಿರುತ್ತದೆ. ಚಳಿಗಾಲದಲ್ಲಿ ಅಲ್ಲಿಗೆ ಕೋಟು ಹಾಕಿಕೊಂಡು ಹೋಗಬೇಕು. ಸಾಯುವುದರೊಳಗೆ ಒಳಗೇ ಸ್ನಾನದ ತೊಟ್ಟಿ ಇರುವ ಮನೆಯೊಂದು ತನ್ನದಾಗಬೇಕು ಎಂಬುದು ಮಿರ್ಕಾಳ ಒಂದೇ ಆಸೆ. ತೊಟ್ಟಿ ಬಿಳಿಯದೇ ಆಗಬೇಕೆಂದೇನೂ ಇಲ್ಲ ಅನ್ನುತ್ತಿದ್ದಳು. ಐವತ್ತೆಂಟನೆಯ ವಯಸ್ಸಿನಲ್ಲಿ ಅಂಚೆಯವರು ಸಿಬ್ಬಂದಿ ಕಡಿಮೆ ಮಾಡಿದಾಗ ಅವಳ ಕೈಗೆ ಪರಿಹಾರದ ಹಣ ಬಂತು. ಆ ಹಣಕ್ಕೆ ಮನೆ ಬರುವುದಿಲ್ಲ. ಆದರೆ ಆ ಹಣವನ್ನು ಮನೆಯಾಗಿ ಬೆಳೆಸುವುದನ್ನು ಕಲಿಸುತ್ತೇನೆ ಎನ್ನುವವನೊಬ್ಬನ ಜಾಹೀರಾತು ಅವಳ ಫೋನಿನಲ್ಲಿ ಬಂತು.

ಅವನ ಹೆಸರು ಓಲ್ಗೆರ್ದ್. ಬಿಳಿ ಬೂಟು, ಕಾಲಿಗೆ ಅಂಟಿದ ಪ್ಯಾಂಟು. ರೈಲು ನಿಲ್ದಾಣದ ಹತ್ತಿರದ ಹೋಟೆಲಿನ ಸಭಾಂಗಣದಲ್ಲಿ ಎರಡು ಶನಿವಾರ, ಎರಡು ಭಾನುವಾರ ಪಾಠ, ಆಮೇಲೆ ಆರು ತಿಂಗಳು ಫೋನಿನಲ್ಲಿ ಮಾರ್ಗದರ್ಶನ. ಮಿರ್ಕಾಳ ಪರಿಹಾರದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ನನಗೆ ತಿಳಿದದ್ದು ಕಟ್ಟಿಯಾದ ಮೇಲೆ.

“ಒಪ್ಪಂದದ ಕಾಗದ ನನಗೊಂದ್ಸಲ ತೋರ್ಸಬಾರ್ದಿತ್ತಾ?” ಅಂದೆ. “ದಿನಾ ಬೆಳಗಾದ್ರೆ ನಾನು ಮಾಡೋ ಕೆಲ್ಸಾನೇ ಅದು.”

“ತೋರ್ಸಿದ್ರೆ ಬೇಡ ಅಂತಿದ್ದೆ, ಇರ್ಮಾ.”

“ಅಂತಿದ್ದೆ.”

“ಅದಕ್ಕೇ ತೋರ್ಸ್ಲಿಲ್ಲ.”

ಮೊದಲ ಶನಿವಾರ ಮುಗಿಸಿ ಬಂದವಳು ಮದುವೆಮನೆಯಿಂದ ಬಂದವಳಂತೆ ಕೆಂಪಗಾಗಿದ್ದಳು. ಅಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’ ಅನ್ನಬೇಕಂತೆ. ಹೆಂಗಸರಿಗೆ ‘ಪಾನಿ’ ಇಲ್ಲ, ಗಂಡಸರಿಗೆ ‘ಪಾನ್’ ಇಲ್ಲ, ಮೇಡಂ ಇಲ್ಲ, ಸಾರ್ ಇಲ್ಲ, ಎದೆಯ ಮೇಲೆ ಬರೀ ಹೆಸರಿನ ಚೀಟಿ. ಇಪ್ಪತ್ತೊಂಬತ್ತು ವರ್ಷ ಪಾನಿ ಮಿರ್ಕಾ ಆಗಿದ್ದವಳಿಗೆ ಮೊದಲು ಒಂದು ಥರಾ ಆಯಿತು, ಆಮೇಲೆ ಹರೆಯ ಬಂದಂತಾಯಿತು. ಓಲ್ಗೆರ್ದ್ ಹಲಗೆಯ ಮೇಲೆ ಬರೆದನಂತೆ: ಒಳ್ಳೇ ಮನೆ ಜಾಹೀರಾತಿಗೆ ಬರುವುದೇ ಇಲ್ಲ, ಬರುವ ಮೊದಲೇ ಅದರ ಬಾಗಿಲು ತಟ್ಟಬೇಕು. ಯಾವ ಮನೆಯಲ್ಲಿ ಮುದುಕರು ಒಂಟಿಯಾಗಿದ್ದಾರೆ, ಯಾರ ಮಕ್ಕಳು ದೂರ ಇದ್ದಾರೆ, ಅದು ತಿಳಿದಿರುವುದೇ ನಿಜವಾದ ಬಂಡವಾಳ.

“ಅಂಚೆಯವ್ರನ್ನ ಕೈಯಲ್ಲಿಟ್ಕೊಳ್ಳಿ,” ಅಂದನಂತೆ. “ಯಾರ ಮನೇಲಿ ಏನಿದೆ ಅಂತ ಅವ್ರಿಗೆ ಗೊತ್ತು. ಒಂದು ಡಬ್ಬಿ ಚಾಕೊಲೇಟ್ ಸಾಕು.”

ಮಿರ್ಕಾ ಕೈ ಎತ್ತಿದಳು. “ಸಾರ್, ನಾನೇ ಅಂಚೆಯವ್ಳು.”

“ಸಾರ್ ಅನ್ಬೇಡ. ಓಲ್ಗೆರ್ದ್ ಅನ್ನು.”

“ಓಲ್ಗೆರ್ದ್, ಇಪ್ಪತ್ತೊಂಬತ್ತು ವರ್ಷದಲ್ಲಿ ನಂಗೆ ಒಬ್ರೂ ಡಬ್ಬಿ ಚಾಕೊಲೇಟ್ ಕೊಟ್ಟಿಲ್ಲ.”

ಸಭೆಯೆಲ್ಲ ನಕ್ಕಿತು. ಊಟದ ಬಿಡುವಿನಲ್ಲಿ ಓಲ್ಗೆರ್ದ್ ತಾನಾಗಿ ಬಂದು ಅವಳ ಪಕ್ಕದಲ್ಲಿ ಕೂತ. ಸೂಪು ತಣ್ಣಗಾಗುವವರೆಗೂ ಅವಳ ಮಾತು ಕೇಳಿದ. ಅವಳು ಹೇಳುವುದನ್ನು ಅಷ್ಟು ಗಮನವಿಟ್ಟು ಕೇಳಿದವರು ಬೇರೆ ಯಾರೂ ಇಲ್ಲ ಅಂದಳು. ನಾನು ಕೇಳುವುದಿಲ್ಲವೇ ಎಂದು ನನಗೆ ಸಿಟ್ಟು ಬಂತು. ಆದರೆ ಯೋಚಿಸಿದರೆ, ನಾನು ಬಟ್ಟೆ ಒಣಹಾಕುತ್ತ ಅರ್ಧ ಕಿವಿಯಲ್ಲಿ ಕೇಳುವವಳು.

ಮರುವಾರದ ಹೋಂವರ್ಕು: ಒಬ್ಬೊಬ್ಬರೂ ಹತ್ತು ವಿಳಾಸ ಬರೆದು ತರಬೇಕು. ಮಿರ್ಕಾ ನಲವತ್ತೊಂದು ಬರೆದಳು. ಅಂಚೆ ಹಂಚುವ ಕ್ರಮದಲ್ಲೇ, ಬೀದಿಯ ಬಲಬದಿ ಮೊದಲು, ಆಮೇಲೆ ಎಡಬದಿ. ಹೆಸರು, ಮಹಡಿ, ಕರೆಗಂಟೆ ಎಷ್ಟು ಸಲ ಒತ್ತಬೇಕು, ಮಾತು ಯಾವುದರಿಂದ ಶುರು ಮಾಡಿದರೆ ಬಾಗಿಲು ಪೂರ್ತಿ ತೆಗೆಯುತ್ತಾರೆ. ನನ್ನ ಅಡುಗೆಮನೆಯ ಮೇಜಿನ ಮೇಲೇ ಕೂತು ಬರೆದದ್ದು, ಅವಳ ಮನೆಯಲ್ಲಿ ಬೆಳಕು ಕಡಿಮೆ ಎಂದು. ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಏನು ಬರೆಯುತ್ತಿದ್ದಾಳೆ ಎಂದು ಕೇಳಲಿಲ್ಲ. ಪಾಠ ಚೆನ್ನಾಗಿ ಒಪ್ಪಿಸಿ ಮೇಷ್ಟ್ರಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ ಅವಳ ಮುಖದ ಮೇಲಿತ್ತು.

ಪಟ್ಟಿಯಲ್ಲಿ ಹದಿನೇಳನೆಯ ಹೆಸರು ಪಾನಿ ತೆಕ್ಲಾ ಅವರದು. ಎಂಬತ್ತನಾಲ್ಕು ವರ್ಷ, ವಿಧವೆ, ಮಕ್ಕಳಿಲ್ಲ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಸ್ವಂತ ಫ್ಲ್ಯಾಟು, ಬಾಲ್ಕನಿಯಿಂದ ಪಾರ್ಕು ಕಾಣುತ್ತದೆ. ಪ್ರತಿ ಶರತ್ಕಾಲಕ್ಕೆ ಅವರು ಪ್ಲಮ್ ಹಣ್ಣಿನ ಜಾಮು ಕಾಯಿಸಿ ಮಿರ್ಕಾಳಿಗೆ ಒಂದು ಜಾಡಿ ಕೊಡುತ್ತಿದ್ದರು. ಮಿರ್ಕಾ ಜಾಡಿ ಖಾಲಿ ಮಾಡಿ, ತೊಳೆದು, ಮುಚ್ಚಳ ಸಮೇತ ಹಿಂದಿರುಗಿಸುತ್ತಿದ್ದಳು. ನಮ್ಮ ಕಡೆ ಜಾಡಿ ಖಾಲಿಯಾಗಿ ವಾಪಸು ಬಂದರೆ ಮುಂದಿನ ವರ್ಷವೂ ತುಂಬಿ ಕೊಡಿ ಎಂದರ್ಥ. ಒಂದೇ ಜಾಡಿ ಅವರಿಬ್ಬರ ನಡುವೆ ಇಪ್ಪತ್ತು ವರ್ಷ ಓಡಾಡಿತ್ತು.

ಪಾನಿ ತೆಕ್ಲಾ ಬಗ್ಗೆ ಒಂದೇ ಒಂದು ಸಂಗತಿಯನ್ನು ಮಿರ್ಕಾ ಪಟ್ಟಿಯಲ್ಲಿ ಬರೆಯಲಿಲ್ಲ. ಅವರಿಗೆ ಕಿವಿ ಕೇಳಿಸುವುದಿಲ್ಲ. ಮೂವತ್ತು ವರ್ಷ ನೇಯ್ಗೆ ಗಿರಣಿಯಲ್ಲಿ ದುಡಿದವರಿಗೆ ಇನ್ನೇನಾಗುತ್ತದೆ. ಮಗ್ಗಗಳ ಸದ್ದಿನಲ್ಲಿ ಕೂಗಿದರೂ ಕೇಳಿಸದು ಎಂದು ಅಲ್ಲಿನ ಹೆಂಗಸರು ದನಿಯಿಲ್ಲದೆ ಬರೀ ತುಟಿಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಎದುರಿಗೆ ಮುಖ ಕಂಡರೆ ಪಾನಿ ತೆಕ್ಲಾ ಪ್ರತಿ ಮಾತನ್ನೂ ಹಿಡಿಯುತ್ತಿದ್ದರು, ಮುಖ ಕಾಣದಿದ್ದರೆ ನಕ್ಕು ತಲೆಯಾಡಿಸುತ್ತಿದ್ದರು. ಮಿರ್ಕಾಳಿಗೆ ಇದು ತಿಳಿದದ್ದು ಒಂದು ಸಲ ನೋಟು ಎಣಿಸುತ್ತ, ತಲೆ ತಗ್ಗಿಸಿಕೊಂಡೇ, ನಾಳೆ ನೀರು ಬರಲ್ಲವಂತೆ ಅಂದಾಗ. “ನಿನಗೂ ಹಾಗೇ ಆಗ್ಲಿ, ಸಂತೋಷ,” ಅಂದರು ಪಾನಿ ತೆಕ್ಲಾ. ಮಿರ್ಕಾ ತಲೆ ಎತ್ತಿ ಅದೇ ಮಾತು ಮತ್ತೆ ಹೇಳಿದಳು. ಮುದುಕಿ ಅವಳ ಮುಂಗೈ ಹಿಡಿದುಕೊಂಡರು.

“ಯಾರಿಗೂ ಹೇಳ್ಬೇಡ. ಕಿವುಡಿ ಅಂತ ಗೊತ್ತಾದ ದಿನದಿಂದ ನನ್ನ ಜೊತೆ ಮಾತಾಡೋದು ಬಿಟ್ಟು ಪಕ್ಕದಲ್ಲಿರೋರ ಜೊತೆ ಮಾತಾಡ್ತಾರೆ. ನಮ್ಮಕ್ಕನಿಗೆ ಹಾಗೇ ಮಾಡಿದ್ರು.”

ಅಂದಿನಿಂದ ಮಿರ್ಕಾ ಆ ಮನೆಯಲ್ಲಿ ಕತ್ತು ನೇರ ಮಾಡಿಕೊಂಡೇ ಮಾತಾಡುತ್ತಿದ್ದಳು.

ಓಲ್ಗೆರ್ದ್ ಪಟ್ಟಿಯನ್ನು ನೋಡಿ ಚಪ್ಪಾಳೆ ಹೊಡೆಸಿದ. ಪ್ರತಿ ಮನೆ ಕುದುರಿದಾಗಲೂ ಇಷ್ಟು ಅಂತ ಕಮಿಷನ್ ಕೊಡುತ್ತೇನೆ ಅಂದ. ಮಿರ್ಕಾ ಬೇಡವೆಂದಳು. ತನಗೆ ಒಂದೇ ಮನೆ ಸಾಕು, ಮಾರುವ ಮನಸ್ಸಿದ್ದವರಿಂದ ನ್ಯಾಯದ ಬೆಲೆಗೆ ಕೊಳ್ಳುತ್ತೇನೆ, ಪಟ್ಟಿಯನ್ನು ಹಿಂದೆ ಕೊಡು ಅಂದಳು. ಅವನು ನಕ್ಕು ಬೆನ್ನು ತಟ್ಟಿದ. ಆಮೇಲೆ ಆ ಒಪ್ಪಂದವನ್ನು ನಾನು ಓದಿದೆ. ಒಂಬತ್ತನೇ ಕಲಮು: ಕೋಚಿಂಗ್ ಸಮಯದಲ್ಲಿ ಶಿಷ್ಯರು ಒಪ್ಪಿಸಿದ ಮಾಹಿತಿಯೆಲ್ಲ ಇಡೀ ಗುಂಪಿನ ಸ್ವತ್ತು. ಸಣ್ಣ ಅಕ್ಷರವೂ ಅಲ್ಲ, ಮಾಮೂಲಿ ಅಕ್ಷರದಲ್ಲೇ ಅಚ್ಚಾಗಿತ್ತು.

ಎರಡು ತಿಂಗಳಾಗಿರಬೇಕು. ಟ್ರಾಮ್ ನಿಲ್ದಾಣದಲ್ಲಿ ಮುದುಕರೊಬ್ಬರು ಮಿರ್ಕಾಳಿಗೆ ಟೋಪಿ ಎತ್ತಿ ನಮಸ್ಕಾರ ಮಾಡಿದರು.

“ಪಾನಿ ಮಿರ್ಕಾ, ನೀವು ಕಳ್ಸಿದ ಹುಡುಗ ಬಹಳ ಮರ್ಯಾದಸ್ಥ. ಚಾಕೊಲೇಟೂ ತಂದಿದ್ದ.”

“ನಾನ್ಯಾವ ಹುಡುಗನ್ನ ಕಳ್ಸಿದೆ?”

“ಬಾಗಿಲಲ್ಲೇ ನಿಮ್ಮ ಹೆಸ್ರು ಹೇಳ್ದ. ಇಲ್ದಿದ್ರೆ ನಾನು ಚಿಲಕ ತೆಗೀತೀನಾ?”

ಆ ದಿನ ಅವಳು ನಮ್ಮ ಮನೆಗೆ ಬಂದು ಕೋಟು ಬಿಚ್ಚದೆ ಕೂತಳು. ನಾನು ಬಾಯಿಗೆ ಬಂದಂತೆ ಬೈದೆ. ಬೈದದ್ದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ. ಅವಳು ಓಲ್ಗೆರ್ದ್‌ಗೆ ಫೋನು ಮಾಡಿದಳು. ನಿನ್ನ ಹೆಸರು ಬ್ರ್ಯಾಂಡ್ ಆಗಿಬಿಟ್ಟಿದೆ, ಖುಷಿಪಡು ಅಂದ ಅವನು. ಮರುದಿನದಿಂದ ಅವಳು ಹಳೇ ಕ್ರಮದಲ್ಲೇ, ಬಲಬದಿ ಮೊದಲು, ಎಡಬದಿ ಆಮೇಲೆ, ನಲವತ್ತೊಂದು ಬಾಗಿಲನ್ನೂ ತಟ್ಟಿದಳು. ಯಾರಾದರೂ ನನ್ನ ಹೆಸರು ಹೇಳಿಕೊಂಡು ಬಂದರೆ ಒಳಗೆ ಬಿಡಬೇಡಿ, ತಪ್ಪು ನನ್ನದು ಎಂದು ಪ್ರತಿ ಬಾಗಿಲಲ್ಲೂ ಹೇಳಿದಳು. ಕೆಲವರು ಒಳಗೆ ಕರೆದು ಟೀ ಕೊಟ್ಟರು. ಕೆಲವರು ಸರಪಳಿ ತೆಗೆಯದೆ ಸಂದಿಯಿಂದಲೇ ಕೇಳಿಸಿಕೊಂಡರು.

ಹದಿನೇಳನೆಯ ಬಾಗಿಲಲ್ಲಿ ತಡವಾಗಿಹೋಗಿತ್ತು. ಸೆವೆರಿನ್ ಎಂಬ ಹುಡುಗ ಆರು ವಾರದಿಂದ ಪ್ರತಿ ಮಂಗಳವಾರ ಪಾನಿ ತೆಕ್ಲಾ ಮನೆಗೆ ಒಣದ್ರಾಕ್ಷಿಯ ಕಪ್ಪು ಬ್ರೆಡ್ಡು ಹಿಡಿದುಕೊಂಡು ಬರುತ್ತಿದ್ದ. ಅವನೂ ಓಲ್ಗೆರ್ದ್‌ನ ಶಿಷ್ಯನೇ, ಅವನೂ ಸಾಲ ಮಾಡಿ ಫೀಸು ಕಟ್ಟಿದವನೇ. ಮಾತಾಡುವಾಗ ಎದುರಿನವರ ಕಣ್ಣಲ್ಲಿ ಕಣ್ಣಿಡಬೇಕು ಎಂದು ಅಲ್ಲಿ ಕಲಿಸಿದ್ದರಲ್ಲ, ಅವನು ಹಾಗೇ ಮಾಡುತ್ತಿದ್ದ. ಹಾಗಾಗಿ ಅವನ ಒಂದು ಮಾತೂ ಪಾನಿ ತೆಕ್ಲಾಗೆ ತಪ್ಪುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಮಿರ್ಕಾಳನ್ನು ಬಿಟ್ಟರೆ ಅಷ್ಟು ಸಲೀಸಾಗಿ ಮಾತಾಡಲು ಸಿಕ್ಕವನು ಅವನೊಬ್ಬನೇ.

“ಮನೆ ಅವ್ನಿಗೆ ಮಾರ್ತೀನಿ, ಸಾಯೋ ತನಕ ನಾನಿಲ್ಲೇ ಇರ್ತೀನಿ,” ಅಂದರು. “ಆ ದುಡ್ಡಲ್ಲಿ ಹಲ್ಲು ಕಟ್ಟಿಸ್ಕೊಂಡು ಒಂದ್ಸಲ ಸಮುದ್ರ ನೋಡ್ಕೊಂಡು ಬರ್ತೀನಿ.”

“ಸಾಯೋ ತನಕ ಇರ್ಬೋದು ಅಂತ ಅವ್ನು ಬಾಯಿಬಿಟ್ಟು ಹೇಳಿದ್ನಾ?”

“ನಿಮ್ಮನ್ನ ಯಾರೂ ಬೀದಿಗೆ ಹಾಕಲ್ಲ ಅಂದ.”

“ಅದು ಬೇರೆ ಮಾತು, ಪಾನಿ ತೆಕ್ಲಾ. ಪತ್ರದಲ್ಲಿ ಏನಿದೆ?”

“ನೋಟರಿ ಪೂರ್ತಿ ಓದಿ ಹೇಳ್ತಾರೆ. ಕಾನೂನೇ ಹಾಗಿದೆ. ನಾನೇನು ಮಗುವಾ?”

“ಓದಿದ್ರೆ ನಿಮಗೆ ಕೇಳ್ಸುತ್ತಾ? ನಾನು ಜೊತೇಲಿ ಬರ್ತೀನಿ.”

“ಬೇಡ,” ಅಂದರು ಪಾನಿ ತೆಕ್ಲಾ. “ಗುರುವಾರ ಹನ್ನೊಂದಕ್ಕೆ ನಾನೇ ಹೋಗ್ತೀನಿ. ನೀನು ಅಂಚೆ ಬಿಟ್ಟಾಯ್ತು, ಇದನ್ನೂ ಬಿಡು.”

ಗುರುವಾರ ಹನ್ನೊಂದಕ್ಕೆ ಅವರು ಬಂದದ್ದು ನಮ್ಮ ಕಚೇರಿಗೇ. ನನಗೆ ಅವರ ಕಿವಿಯ ವಿಷಯ ಆಗಿನ್ನೂ ಗೊತ್ತಿರಲಿಲ್ಲ. ಕಡುನೀಲಿ ಕೋಟು, ಕಾಲರಿಗೆ ಹವಳದ ಪಿನ್ನು, ಹೊಸದಾಗಿ ಸುರುಳಿ ಮಾಡಿಸಿದ ಕೂದಲು. ಪಕ್ಕದಲ್ಲಿ ಸೆವೆರಿನ್, ಇಸ್ತ್ರಿಯ ಗೆರೆ ಎದ್ದು ಕಾಣುವ ಅಂಗಿ. ಕುರ್ಚಿ ಎಳೆದು ಮೊದಲು ಅವರನ್ನು ಕೂರಿಸಿದ, ಅದೂ ಹೇಳಬೇಕು. ನಮ್ಮ ನೋಟರಿಯಮ್ಮ ಒಳ್ಳೆಯವರೇ, ಆದರೆ ಇಪ್ಪತ್ತು ವರ್ಷದಿಂದ ದಿನಕ್ಕೆ ಎಂಟು ಪತ್ರ ಗಟ್ಟಿಯಾಗಿ ಓದಿ ಓದಿ ಅವರ ಓದು ಜಪದ ಹಾಗಾಗಿಬಿಟ್ಟಿದೆ. ಕನ್ನಡಕ ಮೂಗಿನ ತುದಿಗೆ, ಮುಖ ಕಾಗದಕ್ಕೆ. ಕೂತವರು ಯಾರೂ ಕೇಳಿಸಿಕೊಳ್ಳುವುದಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. ಪಾನಿ ತೆಕ್ಲಾ ಕೂಡ ತಲೆಯಾಡಿಸುತ್ತಿದ್ದರು, ಎಲ್ಲರಿಗಿಂತ ಸೊಗಸಾಗಿ.

ನಾಲ್ಕನೇ ಕಲಮಿಗೆ ಬರುವಷ್ಟರಲ್ಲಿ ಬಾಗಿಲು ತೆರೆಯಿತು. ಮಿರ್ಕಾ ಬಂದಿದ್ದಳು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ.

“ಪಾನಿ ನೋಟರಿ, ತಲೆ ಎತ್ತಿ ಓದಿ.”

“ನೀವ್ಯಾರು? ಸಂಬಂಧಪಟ್ಟವರು ಬಿಟ್ಟು ಬೇರೆ ಯಾರೂ ಒಳಗೆ ಇರೋ ಹಾಗಿಲ್ಲ,” ಅಂದರು ನೋಟರಿಯಮ್ಮ.

“ಅವ್ರ ಅಂಚೆಯವ್ಳು ನಾನು. ಆಚೆ ಹೋಗ್ತೀನಿ. ಮೊದ್ಲು ತಲೆ ಎತ್ತಿ.”

“ಯಾಕೆ?”

ಮಿರ್ಕಾ ಪಾನಿ ತೆಕ್ಲಾ ಕಡೆ ನೋಡಿದಳು. ಮುದುಕಿ ಅವಳ ತುಟಿಯನ್ನೇ ನೋಡುತ್ತಿದ್ದರು, ಬೇಡ ಎಂದು ಸಣ್ಣಗೆ ತಲೆ ಅಲ್ಲಾಡಿಸುತ್ತಿದ್ದರು. ಮಿರ್ಕಾ ಬೇರೆ ಕಡೆ ತಿರುಗಿ ಹೇಳಬಹುದಿತ್ತು. ತಿರುಗಲಿಲ್ಲ, ಅವರಿಗೆ ಕಾಣುವ ಹಾಗೆಯೇ ಹೇಳಿದಳು.

“ಅವ್ರಿಗೆ ಕಿವಿ ಕೇಳ್ಸಲ್ಲ. ನಿಮ್ಮ ತುಟಿ ಕಾಣ್ಸಿದ್ರೆ ಮಾತ್ರ ತಿಳಿಯತ್ತೆ. ಈಗಿನ ತನಕ ಒಂದಕ್ಷರಾನೂ ತಿಳ್ದಿಲ್ಲ. ಈ ಹುಡುಗನಿಗೆ ಅವ್ರ ಮನೆ ತೋರ್ಸಿದ್ದೂ ನಾನೇ.”

ಪಾನಿ ತೆಕ್ಲಾ ಮುಖ ಕತ್ತಿನವರೆಗೆ ಕೆಂಪಾಯಿತು. ನೋಟರಿಯಮ್ಮ ಕನ್ನಡಕ ಸರಿಮಾಡಿಕೊಂಡರು. ಕಾಗದವನ್ನು ಮುಖದ ಪಕ್ಕಕ್ಕೆ ಹಿಡಿದು ಮೊದಲಿನಿಂದ, ಒಂದೊಂದೇ ಸಾಲು, ತುಟಿ ಕಾಣುವ ಹಾಗೆ ಓದಿದರು. ಆರನೇ ಕಲಮಿನಲ್ಲಿ, ಮಾರುವವರು ಏಪ್ರಿಲ್ ಮೂವತ್ತರೊಳಗೆ ಮನೆ ಖಾಲಿ ಮಾಡಿ ಬೀಗದ ಕೈ ಒಪ್ಪಿಸತಕ್ಕದ್ದು ಎಂದಿತ್ತು. ಆಗ ಮಾರ್ಚ್ ನಡೆಯುತ್ತಿತ್ತು.

“ಯಾವ ವರ್ಷದ ಏಪ್ರಿಲ್?” ಎಂದು ಕೇಳಿದರು ಪಾನಿ ತೆಕ್ಲಾ, ಸೆವೆರಿನ್ ಕಡೆ ತಿರುಗಿ.

ಸೆವೆರಿನ್ ಮೇಜು ನೋಡುತ್ತ ಏನೋ ಗೊಣಗಿದ. ಕಣ್ಣಲ್ಲಿ ಕಣ್ಣಿಡುವ ಪಾಠ ಆಗ ಅವನಿಗೆ ನೆನಪಾಗಲಿಲ್ಲ.

ಸಹಿ ಆಗಲಿಲ್ಲ. ಪಾನಿ ತೆಕ್ಲಾ ಎದ್ದು ಕೈಚೀಲ ತೆಗೆದುಕೊಂಡರು, ಒಂದೊಂದೇ ಬೆರಳಿಗೆ ನಿಧಾನವಾಗಿ ಗ್ಲೌಸು ಹಾಕಿಕೊಂಡರು. ನೋಟರಿಯಮ್ಮ ನನ್ನ ಕಡೆ ತಿರುಗಿ, “ಅವ್ರನ್ನ ಟ್ಯಾಕ್ಸಿ ತನಕ ಬಿಟ್ಟು ಬಾ, ಮನೆ ವಿಳಾಸ ಡ್ರೈವರಿಗೆ ನೀನೇ ಹೇಳು,” ಅಂದರು. ಪಾನಿ ತೆಕ್ಲಾ ಅದನ್ನೂ ತುಟಿಯ ಮೇಲೆ ಓದಿಕೊಂಡರು. ಮಿರ್ಕಾಳ ಎದುರಿಗೆ ಬಂದು ನಿಂತರು.

“ನೋಡಿದ್ಯಾ?” ಅಂದರು. “ಶುರುವಾಯ್ತು.”

ಟ್ಯಾಕ್ಸಿ ಬೇಡವೆಂದು ನಡೆದೇ ಹೋದರು.

ಓಲ್ಗೆರ್ದ್ ಮಿರ್ಕಾಳನ್ನು ಗುಂಪಿನಿಂದ ತೆಗೆದುಹಾಕಿದ, ಹಣ ವಾಪಸು ಬರಲಿಲ್ಲ. ಅವನ ಸಭಾಂಗಣ ಈಗಲೂ ತುಂಬುತ್ತದೆ. ಅಲ್ಲಿ ಕಲಿತು ಮನೆ ಕೊಂಡು ಮಾರಿ ಚೆನ್ನಾಗಿರುವವರೂ ಇದ್ದಾರೆ, ಅವರ ಪತ್ರಗಳನ್ನು ನಾನೇ ಟೈಪು ಮಾಡಿದ್ದೇನೆ. ಸೆವೆರಿನ್ ಸಂತೆ ಮೈದಾನದ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾನೆ. ಮಿರ್ಕಾ ಮೂಲೆ ಅಂಗಡಿಯೊಂದರಲ್ಲಿ ಪಾರ್ಸೆಲ್ ಕೊಡುವ ಕೆಲಸ ಹಿಡಿದಳು. ಈಗಲೂ ಕೋಟು ಹಾಕಿಕೊಂಡು ಮೆಟ್ಟಿಲ ತಿರುವಿಗೆ ಹೋಗುತ್ತಾಳೆ.

ಆ ವರ್ಷ ಶರತ್ಕಾಲದಲ್ಲಿ ಪ್ಲಮ್ ಜಾಮು ಬರಲಿಲ್ಲ. ಹಿಂದಿನ ವರ್ಷದ ಜಾಡಿ ತೊಳೆದಿಟ್ಟದ್ದು ಮಿರ್ಕಾಳ ಮನೆಯಲ್ಲೇ ಉಳಿದಿತ್ತು. ಅವಳು ತಾನೇ ಮಾರುಕಟ್ಟೆಯಿಂದ ಹಣ್ಣು ತಂದು, ಎರಡು ದಿನ ಕಾಯಿಸಿ, ಆ ಜಾಡಿಗೆ ತುಂಬಿದಳು. ತಳ ಸ್ವಲ್ಪ ಹಿಡಿದಿತ್ತು. ಸೆಪ್ಟೆಂಬರಿನಲ್ಲಿ ಪಾನಿ ತೆಕ್ಲಾ ಅವರ ಹೆಸರಿನ ಹಬ್ಬದ ದಿನ, ಅಂದರೆ ಅದೇ ಹೆಸರಿನ ಸಂತರ ದಿನ, ಅದನ್ನು ಒಯ್ದಳು. ಒಬ್ಬಳೇ ಹೋಗಲು ಧೈರ್ಯವಿಲ್ಲವೆಂದು ನನ್ನನ್ನೂ ಕರೆದಳು.

ಕರೆಗಂಟೆ ಒತ್ತಿದರೆ ಒಳಗೆ ದೀಪ ಮಿನುಗಿದ್ದು ಬಾಗಿಲಡಿಯ ಸಂದಿಯಲ್ಲಿ ಕಂಡಿತು. ಕಿವಿ ಕೇಳದವರಿಗೆಂದು ನಗರಸಭೆಯವರು ಹಾಕಿಸಿಕೊಡುವ ದೀಪ ಅದು. ಗುಟ್ಟು ಹೊರಬಿದ್ದ ಮೇಲೆ ಬಂದದ್ದು. ಚಪ್ಪಲಿ ಎಳೆದು ನಡೆಯುವ ಸದ್ದು ಬಾಗಿಲವರೆಗೆ ಬಂದು ನಿಂತಿತು. ಕದದ ಗಾಜಿನ ಇಣುಕುಕಿಂಡಿ ಕಪ್ಪಾಯಿತು. ಮಿರ್ಕಾ ಕತ್ತು ನೇರ ಮಾಡಿ, ಕಿಂಡಿಗೆ ಮುಖ ಕೊಟ್ಟು, ಗಿರಣಿಯ ಹೆಂಗಸರ ಹಾಗೆ ದನಿಯಿಲ್ಲದೆ ತುಟಿಯಲ್ಲೇ ಮಾತಾಡಿದಳು. ಬಹಳ ಹೊತ್ತು ಮಾತಾಡಿದಳು. ಏನೆಂದು ನನಗೆ ತಿಳಿಯಲಿಲ್ಲ, ನನಗೆ ತುಟಿ ಓದಲು ಬರುವುದಿಲ್ಲ. ಆದರೂ ನನಗೆ ಅಳು ಬಂತು.

ಕಿಂಡಿಯಲ್ಲಿ ಮತ್ತೆ ಬೆಳಕಾಯಿತು. ಚಪ್ಪಲಿಯ ಸದ್ದು ಒಳಕ್ಕೆ ಹೋಯಿತು. ಮಿರ್ಕಾ ಜಾಡಿಯನ್ನು ಕಾಲೊರಸಿನ ಮೇಲಿಟ್ಟಳು.

ಮೂರು ದಿನದ ಮೇಲೆ ಬವೂತಿಯ ಹೊಸ ಅಂಚೆಯವನು ನಮ್ಮ ಮೆಟ್ಟಿಲು ಹತ್ತಿ ಬಂದ, ಮೂರನೇ ಮಹಡಿಯ ಹೆಂಗಸು ಕೊಟ್ಟುಕಳಿಸಿದ್ದಾರೆ ಅಂದ. ಅದೇ ಜಾಡಿ. ಮುಚ್ಚಳ ಬಿಚ್ಚಿರಲಿಲ್ಲ, ತುಂಬಿದ್ದು ತುಂಬಿದಂತೆಯೇ ಇತ್ತು.

ಮಿರ್ಕಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಳು. ಆಮೇಲೆ ಹುಡುಗನನ್ನು ಕೇಳಿದಳು:

“ಅವ್ರ ಪಿಂಚಣಿ ನೀನೇ ಕೊಡೋದಾ?”

“ಹೌದು, ನಾನೇ.”

“ನೋಟು ಎಣಿಸ್ವಾಗ ಮಾತಾಡ್ಬೇಡ. ಎಣಿಸಿ ಆದ್ಮೇಲೆ ತಲೆ ಎತ್ತಿ ಮಾತಾಡು.”

ಹುಡುಗ ಸರಿ ಎಂದು ತಲೆಯಾಡಿಸಿ ಇಳಿದುಹೋದ. ಜಾಡಿ ಈಗಲೂ ಅವಳ ಕಿಟಕಿಯ ಕಟ್ಟೆಯ ಮೇಲಿದೆ. ಅದನ್ನು ತೆರೆಯೋಣ ಎಂದು ನಾನೂ ಹೇಳಿಲ್ಲ.